ಕಡಲತಳದ ಹೂಳು ಯಾವ ನೆಲದ್ದು? ಹಳೆಯ ಹವಾಮಾನ ಹುಡುಕುವವರಿಗೆ ಹಂತ ಹಂತದ ಮಾರ್ಗದರ್ಶಿ

ಮಳೆ ಬೆಟ್ಟವನ್ನು ಕೊರೆಯುತ್ತದೆ, ನದಿ ಆ ಮಣ್ಣನ್ನು ಕಡಲಿಗೆ ತರುತ್ತದೆ. ಮರುಭೂಮಿಯ ಗಾಳಿ ದೂಳನ್ನು ಸಾವಿರಾರು ಕಿಲೋಮೀಟರ್ ದೂರ ಹೊತ್ತೊಯ್ಯುತ್ತದೆ. ಹಿಮನದಿ ಬಂಡೆಯನ್ನು ಅರೆಯುತ್ತದೆ. ಅದರ ತುದಿಯಿಂದ ಮುರಿದ ಹಿಮಗುಡ್ಡಗಳು ಕಲ್ಲು, ಮರಳನ್ನು ಹೊತ್ತು ತೇಲುತ್ತಾ ನಡುಗಡಲಲ್ಲಿ ಕರಗಿ, ಹೊತ್ತದ್ದನ್ನೆಲ್ಲ ಕೆಡವುತ್ತವೆ. ಎಲ್ಲವೂ ಕೊನೆಗೆ ಸೇರುವುದು ಕಡಲತಳವನ್ನೇ. ಅಲ್ಲಿ ಪದರದ ಮೇಲೆ ಪದರ ಕೂತು ಲಕ್ಷಾಂತರ ವರ್ಷಗಳ ದಾಖಲೆ ಉಳಿದಿದೆ. ಒಂದು ಪದರದ ಮಣ್ಣು ಯಾವ ನೆಲದ್ದು ಎಂದು ಗೊತ್ತಾದರೆ, ಆ ಕಾಲದಲ್ಲಿ ಯಾವ ನದಿ ತುಂಬಿ ಹರಿಯುತ್ತಿತ್ತು, ಯಾವ ನೆಲ ಒಣಗಿತ್ತು, ಹಿಮ ಎಲ್ಲಿಯವರೆಗೆ ಚಾಚಿತ್ತು ಎಂದು ತರ್ಕ ಮಾಡಬಹುದು.

ಈ ಬರಹ ಭೂವಿಜ್ಞಾನದ ವಿದ್ಯಾರ್ಥಿಗಳಿಗೆ, ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುವವರಿಗೆ. ಇಂಥ ಸಂಶೋಧನೆ ಓದಿ, ಅದು ಎಷ್ಟು ಗಟ್ಟಿ ಎಂದು ತೂಗಿ ನೋಡಬೇಕು ಅನ್ನುವವರಿಗೂ ಉಪಯೋಗವಾಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಳೆಯುವ ಯಂತ್ರಗಳು ಈಗ ತುಂಬಾ ಚೆನ್ನಾಗಿವೆ. ಎಡವುವುದು ಸಾಮಾನ್ಯವಾಗಿ ಅಳತೆಯಲ್ಲಿ ಅಲ್ಲ. "ಮಣ್ಣು ಇಲ್ಲಿಂದ ಬಂತು" ಅನ್ನುವ ಮಾತಿನಿಂದ "ಹಾಗಾದರೆ ಆಗ ಮಳೆ ಜಾಸ್ತಿ ಇತ್ತು" ಅನ್ನುವ ಮಾತಿಗೆ ಹಾರುವಾಗ ಎಡವುತ್ತಾರೆ. ಆ ಎರಡರ ನಡುವೆ ಇನ್ನೊಂದು ಪ್ರಶ್ನೆ ಕೂತಿದೆ: ಅದನ್ನು ಹೊತ್ತು ತಂದವರು ಯಾರು? ನದಿಯೋ, ಗಾಳಿಯೋ, ಹಿಮವೋ, ಕಡಲ ಪ್ರವಾಹವೋ? ಮುಂದಿನ ಪ್ರತಿ ಹಂತದಲ್ಲೂ ಈ ಪ್ರಶ್ನೆ ಜೊತೆಗಿರಲಿ.

ಹಂತ 1: ಪ್ರಶ್ನೆಯನ್ನು ಬಿಗಿ ಮಾಡಿಕೊಳ್ಳಿ

"ಈ ಕೋರ್‌ನ ಮಣ್ಣು ಎಲ್ಲಿಂದ ಬಂತು?" ಅನ್ನುವುದು ತೀರಾ ಸಡಿಲ ಪ್ರಶ್ನೆ. (ಕೋರ್ ಎಂದರೆ ಕಡಲತಳವನ್ನು ಕೊರೆದು ತೆಗೆದ ಹೂಳಿನ ಉದ್ದನೆಯ ಕಂಬ.) ಹೀಗೆ ಕೇಳಿಕೊಳ್ಳಿ: "ಪೂರ್ವ ಮೆಡಿಟರೇನಿಯನ್ ಕಡಲಿಗೆ ನೈಲ್ ನದಿ ತಂದ ಮಣ್ಣು ಎಷ್ಟು, ಸಹಾರಾದ ದೂಳು ಎಷ್ಟು? ಕಳೆದ 20,000 ವರ್ಷಗಳಲ್ಲಿ ಈ ಪಾಲು ಹೇಗೆ ಬದಲಾಯಿತು?" ಇದರಲ್ಲಿ ಮೂಲಗಳೂ ಇವೆ, ಹೊತ್ತು ತರುವವರೂ ಇದ್ದಾರೆ, ಕಾಲವೂ ಇದೆ. ಯಾವ ಕೋರ್ ಬೇಕು, ಯಾವ ಗಾತ್ರದ ಕಣ ಬೇಕು, ಯಾವ ಅಳತೆ ಬೇಕು ಅನ್ನುವುದನ್ನು ಈ ಒಂದು ಪ್ರಶ್ನೆಯೇ ತೀರ್ಮಾನಿಸುತ್ತದೆ.

ಜೊತೆಗೆ ಇನ್ನೊಂದು ಸಾಲು ಬರೆದಿಟ್ಟುಕೊಳ್ಳಿ: ಯಾವ ಫಲಿತಾಂಶ ಬಂದರೆ ನನ್ನ ಊಹೆ ತಪ್ಪು ಅಂತ ಒಪ್ಪುತ್ತೇನೆ? ಅಳತೆ ಕೈಗೆ ಬಂದ ಮೇಲೆ ಇದನ್ನು ಬರೆಯುವುದು ಕಷ್ಟ. ಆಗ ಮನಸ್ಸು ಆಗಲೇ ಒಂದು ಕಡೆ ವಾಲಿರುತ್ತದೆ.

ಹಂತ 2: ಕೋರ್ ಆರಿಸುವುದು

ಹೊಸದಾಗಿ ಹಡಗು ಹತ್ತಬೇಕಾಗಿಲ್ಲ. ಅಂತರರಾಷ್ಟ್ರೀಯ ಆಳಸಮುದ್ರ ಕೊರೆತದ ಯೋಜನೆಗಳು 1968ರಿಂದ ತೆಗೆದ ಕೋರ್‌ಗಳನ್ನು ಜರ್ಮನಿಯ ಬ್ರೆಮೆನ್, ಅಮೆರಿಕದ ಟೆಕ್ಸಸ್‌ನ ಕಾಲೇಜ್ ಸ್ಟೇಷನ್, ಜಪಾನಿನ ಕೋಚಿಯ ಭಂಡಾರಗಳಲ್ಲಿ ಕಾಪಾಡಿದ್ದಾರೆ. ಕೋರನ್ನು ಉದ್ದಕ್ಕೆ ಸೀಳಿ ಒಂದು ಅರ್ಧವನ್ನು ದಾಖಲೆಗೆಂದು ಎತ್ತಿಡುತ್ತಾರೆ, ಇನ್ನೊಂದು ಅರ್ಧದಿಂದ ಮಾದರಿ ಕೊಡುತ್ತಾರೆ. ಯಾವ ಆಳದ್ದು ಬೇಕು, ಎಷ್ಟು ಬೇಕು, ಯಾಕೆ ಬೇಕು ಎಂದು ಸರಿಯಾಗಿ ಬರೆದು ಅರ್ಜಿ ಹಾಕಬೇಕು. ಅದಕ್ಕೂ ಮೊದಲು ಆ ಕೋರ್‌ನ ಮೇಲೆ ಆಗಲೇ ಪ್ರಕಟವಾದ ಮಾಹಿತಿಯನ್ನು ಪಂಗೇಯಾದಂಥ ದತ್ತಾಂಶ ಭಂಡಾರಗಳಲ್ಲಿ ಹುಡುಕಿ. ಎಷ್ಟೋ ಸಲ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ.

ಜಾಗದ ವಿಷಯದಲ್ಲಿ ಎರಡು ಅಂಶ ನೋಡಿ. ಮೊದಲನೆಯದು ಹೂಳು ಕೂರುವ ವೇಗ. ದಡದಿಂದ ಬಹಳ ದೂರ, ಕೆಂಪು ಜೇಡಿ ಇರುವ ಕಡೆ, ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್ ಕೂರುವುದೂ ಕಷ್ಟ. ಅದರ ಮೇಲೆ ತಳದಲ್ಲಿ ಬಾಳುವ ಹುಳುಗಳು ಮೇಲಿನ ಸುಮಾರು 10 ಸೆಂಟಿಮೀಟರ್ ಕೆಸರನ್ನು ಸದಾ ಕಲಕುತ್ತಿರುತ್ತವೆ. ಅಂಥ ಕಡೆ ಶತಮಾನಗಳ ಬದಲಾವಣೆ ಹುಡುಕುವುದು ಸುಮ್ನೆ ವ್ಯರ್ಥ. ಸಾವಿರ ವರ್ಷಕ್ಕೆ 10, 20 ಸೆಂಟಿಮೀಟರ್ ಕೂರುವ ಜಾಗ ಬೇಕು.

ಎರಡನೆಯದು ಕೆಸರಿನ ಕುಸಿತ. ಖಂಡದ ಇಳಿಜಾರಿನಿಂದ ಕೆಸರು ಒಮ್ಮೆಲೇ ಜಾರಿ ಬಂದು ಕೂತ ಪದರಗಳನ್ನು ಟರ್ಬಿಡೈಟ್ ಅನ್ನುತ್ತಾರೆ. ಅವು ಹಳೆಯ ಹೂಳನ್ನು ಹೊಸದರ ಮೇಲೆ ತಂದು ಸುರಿದಿರುತ್ತವೆ. ತಳದಲ್ಲಿ ಒರಟು ಮರಳು, ಮೇಲೆ ಹೋದಂತೆ ನಯ, ಕೆಳಗಿನ ಗಡಿ ಚೂಪು: ಇದು ಅವುಗಳ ಲಕ್ಷಣ. ಕೋರ್‌ನ ಫೋಟೋ ಮತ್ತು ಎಕ್ಸ್-ರೇ ಚಿತ್ರಗಳಲ್ಲಿ ಇದು ಕಾಣುತ್ತದೆ. ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿಲೋಮೀಟರ್ ಉದ್ದಕ್ಕೆ ಹರಡಿರುವ ಹೂಳಿನ ಬೀಸಣಿಗೆಯಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಹೂಳು ಬರುವುದು ತಳದ ಕಾಲುವೆಗಳಲ್ಲಿ. ಕಾಲುವೆ ಆಗಾಗ ಪಕ್ಕಕ್ಕೆ ಸರಿಯುತ್ತದೆ. ಒಂದು ಜಾಗದಲ್ಲಿ ಹೂಳು ನಿಂತರೆ ಮಳೆಯೇ ನಿಂತಿತು ಅಂತಲ್ಲ, ಕಾಲುವೆ ದೂರ ಹೋಗಿರಬಹುದು. ಇದನ್ನು ಮೀರಲೆಂದೇ 2015ರ ಕೊರೆತ ಯಾತ್ರೆ 354ರಲ್ಲಿ 8 ಡಿಗ್ರಿ ಉತ್ತರ ಅಕ್ಷಾಂಶದ ಉದ್ದಕ್ಕೂ ಏಳು ಜಾಗಗಳಲ್ಲಿ ಸಾಲಾಗಿ ಕೊರೆದರು. ನಿಮ್ಮ ಬಳಿ ಒಂದೇ ಕೋರ್ ಇದ್ದರೆ, ಬೀಸಣಿಗೆಯ ನಡುವಿನದಕ್ಕಿಂತ ಪಕ್ಕದ ಎತ್ತರದ ದಿಬ್ಬದ ಮೇಲಿನದನ್ನು ಆರಿಸಿ.

ಹಂತ 3: ವಯಸ್ಸು

ವಯಸ್ಸು ಗೊತ್ತಿಲ್ಲದ ಪದರದ ಮೂಲ ತಿಳಿದು ಪ್ರಯೋಜನವಿಲ್ಲ. ಸುಮಾರು 50,000 ವರ್ಷಗಳವರೆಗೆ ಫೋರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪಿನಲ್ಲಿ ರೇಡಿಯೋಕಾರ್ಬನ್ ಅಳೆಯಬಹುದು. ಕಡಲ ನೀರಿನ ಕಾರ್ಬನ್ ಗಾಳಿಯದ್ದಕ್ಕಿಂತ ಹಳೆಯದಾಗಿ ಕಾಣುತ್ತದೆ, ಅದನ್ನು ಸರಿಪಡಿಸಲೇಬೇಕು. ಅದಕ್ಕಿಂತ ಹಿಂದಕ್ಕೆ ಅದೇ ಚಿಪ್ಪುಗಳ ಆಕ್ಸಿಜನ್ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಅಳೆದು ಜಾಗತಿಕ ರೇಖೆಯ ಜೊತೆ ಹೊಂದಿಸುತ್ತಾರೆ. 2005ರಲ್ಲಿ ಲಿಸಿಯೆಕಿ ಮತ್ತು ರೇಮೋ 57 ದಾಖಲೆಗಳನ್ನು ಜೋಡಿಸಿ ಮಾಡಿದ ರೇಖೆ ಈಗಲೂ ಎಲ್ಲರ ಕೈಯಲ್ಲಿದೆ. ನಡುವೆ ಜ್ವಾಲಾಮುಖಿ ಬೂದಿಯ ಪದರ ಸಿಕ್ಕರೆ ಅದೃಷ್ಟ. ಹಿಂದೂ ಮಹಾಸಾಗರದಲ್ಲಿ ಸುಮಾರು 74,000 ವರ್ಷ ಹಿಂದಿನ, ಇಂಡೊನೇಷ್ಯಾದ ಟೋಬಾ ಜ್ವಾಲಾಮುಖಿಯ ಬೂದಿ ಗಟ್ಟಿ ಗುರುತುಕಲ್ಲು.

ಹಂತ 4: ಮೂಲಗಳ ಪಟ್ಟಿ

ಕೋರ್‌ಗೆ ಕೈ ಹಾಕುವ ಮೊದಲು ಇದನ್ನು ಮುಗಿಸಿ. ಆ ಜಾಗಕ್ಕೆ ಮಣ್ಣು ಕಳಿಸಬಲ್ಲ ನದಿಗಳು, ಮರುಭೂಮಿಗಳು, ಜ್ವಾಲಾಮುಖಿಗಳು, ಹಿಮನದಿಗಳು, ದಡಗಳು ಯಾವುವು? ಒಂದೊಂದರ ಹಿಂದೆ ಯಾವ ಬಂಡೆ ಇದೆ? ಹಳೆಯ ಗ್ರಾನೈಟ್, ನೈಸ್‌ಗಳೋ, ಎಳೆಯ ಬಸಾಲ್ಟೋ?

ಇಲ್ಲಿ ಬಂಡೆಯ ಅಳತೆಗಿಂತ ನದಿಯ ಬಾಯಲ್ಲಿ ಸಿಗುವ ಹೂಳಿನ ಅಳತೆ ಹೆಚ್ಚು ಕೆಲಸಕ್ಕೆ ಬರುತ್ತದೆ. ನದಿ ತನ್ನ ಜಲಾನಯನದ ಎಲ್ಲ ಬಂಡೆಗಳನ್ನು ಸಮವಾಗಿ ಕೊರೆಯುವುದಿಲ್ಲ. ಕಡಿದಾದ, ಮೆತ್ತಗಿನ, ಮಳೆ ಬೀಳುವ ಕಡೆಯಿಂದಲೇ ಜಾಸ್ತಿ ಮಣ್ಣು ಬರುತ್ತದೆ. ಹಾಗೆಯೇ ಕೋರ್‌ನ ಜಾಗದ ಇಂದಿನ ಮೇಲ್ಪದರದ ಹೂಳನ್ನೂ ಅಳೆಯಿರಿ. ಇಂದು ಯಾರು ಮಣ್ಣು ತರುತ್ತಿದ್ದಾರೆ ಎಂದು ನಮಗೆ ಕಣ್ಣಾರೆ ಗೊತ್ತು. ನಿಮ್ಮ ವಿಧಾನ ಇಂದಿನ ಉತ್ತರವನ್ನೇ ಸರಿಯಾಗಿ ಹೇಳದಿದ್ದರೆ, 20,000 ವರ್ಷ ಹಿಂದಿನದನ್ನು ಹೇಗೆ ಹೇಳೀತು?

ಹಂತ 5: ಕೆಸರು ತೊಳೆಯುವುದು

ಕಡಲತಳದ ಕೆಸರೆಲ್ಲ ನೆಲದಿಂದ ಬಂದದ್ದಲ್ಲ. ಅದರಲ್ಲಿ ಸುಣ್ಣದ ಚಿಪ್ಪುಗಳಿವೆ, ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳ ಗಾಜಿನಂಥ ಸಿಲಿಕಾ ಇದೆ, ಸತ್ತ ಜೀವಿಗಳ ಸಾವಯವ ವಸ್ತು ಇದೆ. ಕಣಗಳ ಮೇಲೆ ನೀರಿನಿಂದಲೇ ಅಂಟಿಕೊಂಡ ಕಬ್ಬಿಣ ಮತ್ತು ಮ್ಯಾಂಗನೀಸ್‌ನ ತೆಳು ಲೇಪವೂ ಇದೆ. ಇವೆಲ್ಲ ಕಡಲ ನೀರಿನ ಗುರುತು ಹೊತ್ತಿರುತ್ತವೆ. ನಮಗೆ ಬೇಕಾದ್ದು ನೆಲದ ಗುರುತು.

ಸಾಮಾನ್ಯ ಕ್ರಮ ಹೀಗೆ. ಮೊದಲು ತೆಳುವಾದ ಅಸಿಟಿಕ್ ಆಸಿಡ್‌ನಲ್ಲಿ ಸುಣ್ಣ ಕರಗಿಸಿ. ಗುಳ್ಳೆ ನಿಲ್ಲುವವರೆಗೂ ಬದಲಿಸುತ್ತಿರಿ. ಆಮೇಲೆ ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್ ದ್ರಾವಣದಲ್ಲಿ ಕಬ್ಬಿಣ-ಮ್ಯಾಂಗನೀಸ್ ಲೇಪ ತೆಗೆಯಿರಿ. ಸಾವಯವ ವಸ್ತು ಜಾಸ್ತಿ ಇದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಡಯಾಟಮ್ ಜಾಸ್ತಿ ಇದ್ದರೆ ಬಿಸಿ ಸೋಡಿಯಂ ಕಾರ್ಬೋನೇಟ್ ದ್ರಾವಣ ಬೇಕು. ಪ್ರತಿ ಹಂತದ ನಂತರ ಶುದ್ಧ ನೀರಲ್ಲಿ ಹಲವು ಬಾರಿ ತೊಳೆದು ಸೆಂಟ್ರಿಫ್ಯೂಜ್ ಮಾಡಿ.

ಅವಸರಕ್ಕೆ ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್ ಸುರಿಯಬೇಡಿ. ಅದು ಕ್ಲೋರೈಟ್‌ನಂಥ ಜೇಡಿ ಖನಿಜಗಳನ್ನೇ ತಿಂದುಹಾಕುತ್ತದೆ. ತೊಳೆದದ್ದು ಸಾಲದಿದ್ದರೂ ಕಷ್ಟ. ಇಂದಿನ ಕಡಲ ನೀರಿನ ಸ್ಟ್ರಾಂಷಿಯಂ ಅನುಪಾತ (ಸ್ಟ್ರಾಂಷಿಯಂ-87ಕ್ಕೂ 86ಕ್ಕೂ ಇರುವುದು) ಎಲ್ಲ ಕಡೆಯೂ ಸುಮಾರು 0.7092. ಸುಣ್ಣ ಸ್ವಲ್ಪ ಉಳಿದರೂ ನಿಮ್ಮ ಮಾದರಿಗಳ ಅಂಕಿಗಳು ಆ ಕಡೆಗೆ ಸರಿಯುತ್ತವೆ. ಫಲಿತಾಂಶಗಳೆಲ್ಲ 0.709ರ ಹತ್ತಿರ ಗುಂಪು ಕಟ್ಟಿದ್ದರೆ ಖುಷಿ ಪಡಬೇಡಿ, ತೊಳೆಯುವ ಹಂತಕ್ಕೆ ವಾಪಸ್ ಹೋಗಿ. ಲೇಪ ತೆಗೆದ ದ್ರಾವಣವನ್ನು ಮಾತ್ರ ಚೆಲ್ಲಬೇಡಿ. ಅದರಲ್ಲಿ ಆ ಕಾಲದ ಕಡಲ ನೀರಿನ ನಿಯೋಡಿಮಿಯಂ ಎಂಬ ಧಾತುವಿನ ಗುರುತು ಇರಬಹುದು. ಆಳದ ನೀರು ಹೇಗೆ ಹರಿಯುತ್ತಿತ್ತು ಎಂದು ಕೇಳುವವರಿಗೆ ಅದೇ ಮುಖ್ಯ ವಸ್ತು.

ಹಂತ 6: ಗಾತ್ರ ಬೇರೆ ಮಾಡುವುದು

ನನ್ನ ಮಟ್ಟಿಗೆ ಇದು ಇಡೀ ಕೆಲಸದ ಬೆನ್ನೆಲುಬು. ಯಾಕೆಂದರೆ ಹೊತ್ತು ತಂದವರ ಸುಳಿವು ಮೊದಲು ಸಿಗುವುದು ಇಲ್ಲೇ. ದೂರದ ಗಾಳಿ ತರುವುದು ಹೆಚ್ಚಾಗಿ ನಯವಾದ ಕಣಗಳನ್ನು. (ಮುಂದೆ ಬರುವ ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.) ನಡುಗಡಲಲ್ಲಿ 150 ಮೈಕ್ರಾನ್‌ಗಿಂತ ದಪ್ಪ ಕಲ್ಲುಕಣ ಸಿಕ್ಕರೆ, ಕುಸಿತದ ಲಕ್ಷಣ ಇಲ್ಲದಿದ್ದರೆ, ಹಿಮ ತಂದದ್ದು ಎಂದು ಮೊದಲ ಅನುಮಾನ ಪಡಬೇಕು. 10ರಿಂದ 63 ಮೈಕ್ರಾನ್‌ವರೆಗಿನ ಕಣಗಳನ್ನು ತಳದ ಪ್ರವಾಹವೇ ವಿಂಗಡಿಸುತ್ತದೆ. ಅವುಗಳ ಸರಾಸರಿ ಗಾತ್ರ ಹೆಚ್ಚಾದರೆ ಪ್ರವಾಹ ಜೋರಾಗಿತ್ತು ಎಂದು ಓದಬಹುದು.

63 ಮೈಕ್ರಾನ್ ಜರಡಿಯಲ್ಲಿ ಮರಳನ್ನು ಒದ್ದೆಯಾಗಿಯೇ ಬೇರೆ ಮಾಡಿ. 2 ಮೈಕ್ರಾನ್‌ಗಿಂತ ಸಣ್ಣ ಜೇಡಿಯನ್ನು ನೀರಲ್ಲಿ ತಂಗಲು ಬಿಟ್ಟು, ಸ್ಟೋಕ್ಸ್ ಸೂತ್ರದಿಂದ ಹೊತ್ತು ಲೆಕ್ಕ ಹಾಕಿ ಮೇಲಿನಿಂದ ಹೀರಿ ತೆಗೆಯಿರಿ. ಆಮೇಲೆ ಮೂಲದ ನದಿಯ ಹೂಳನ್ನೂ ಅದೇ ಗಾತ್ರಕ್ಕೆ ಬೇರೆ ಮಾಡಿಯೇ ಅಳೆಯಿರಿ. ಒಂದೇ ನದಿಯ ಮರಳಿಗೂ ಜೇಡಿಗೂ ಸ್ಟ್ರಾಂಷಿಯಂ ಅನುಪಾತ ಬೇರೆ ಬೇರೆ ಬರುತ್ತದೆ. ಜೇಡಿ ಕೋರ್‌ನದ್ದು, ಮರಳು ನದಿಯದ್ದು ಎಂದು ಹೋಲಿಸಿದರೆ ಇಲ್ಲದ ಹೊಸ ಮೂಲವೊಂದು ಹುಟ್ಟಿಕೊಳ್ಳುತ್ತದೆ.

ಹಂತ 7: ಯಾವ ಗುರುತು ಅಳೆಯಬೇಕು?

ಜೇಡಿ ಖನಿಜಗಳಿಂದ ಶುರು ಮಾಡಿ. ಖರ್ಚು ಕಡಿಮೆ, ಮಾದರಿ ಎಷ್ಟಾದರೂ ಓಡಿಸಬಹುದು. ಬಿಸಿ, ತೇವದ ನೆಲದಲ್ಲಿ ಬಂಡೆ ಚೆನ್ನಾಗಿ ಕೊಳೆತರೆ ಕೆಯೊಲಿನೈಟ್ ಹೆಚ್ಚು. ಬಸಾಲ್ಟ್ ಕೊಳೆತಲ್ಲಿ ಸ್ಮೆಕ್ಟೈಟ್ ಹೆಚ್ಚು. ಚಳಿಯ ಅಥವಾ ಕಡಿದಾದ ಬೆಟ್ಟದ ಕಡೆ ಬಂಡೆ ಕೊಳೆಯದೆ ಬರೀ ಪುಡಿಯಾದರೆ ಇಲೈಟ್, ಕ್ಲೋರೈಟ್ ಹೆಚ್ಚು. 1965ರಲ್ಲಿ ಬಿಸ್ಕೇ ಅಟ್ಲಾಂಟಿಕ್ ತಳದ ಜೇಡಿಯ ನಕ್ಷೆ ಮಾಡಿದಾಗ ಈ ಪಟ್ಟಿಗಳು ಅಕ್ಷಾಂಶದ ಪ್ರಕಾರ ಎದ್ದು ಕಂಡವು. ಖನಿಜದ ಪದರಗಳ ನಡುವಿನ ಅಂತರ ಅಳೆಯುವ ಎಕ್ಸ್-ರೇ ಡಿಫ್ರಾಕ್ಷನ್‌ನಲ್ಲಿ ಒಂದೇ ಸ್ಲೈಡನ್ನು ಮೂರು ಸಲ ಓಡಿಸಬೇಕು: ಗಾಳಿಯಲ್ಲಿ ಒಣಗಿಸಿ, ಎಥಿಲೀನ್ ಗ್ಲೈಕಾಲ್ ಆವಿಯಲ್ಲಿ ಇಟ್ಟು, 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಗ್ಲೈಕಾಲ್ ಹೀರಿ ಸುಮಾರು 17 ಆಂಗ್‌ಸ್ಟ್ರಾಮ್‌ಗೆ ಉಬ್ಬಿದರೆ ಸ್ಮೆಕ್ಟೈಟ್. 10ರಲ್ಲೇ ಅಲುಗದೆ ನಿಂತರೆ ಇಲೈಟ್. 7ರ ಹತ್ತಿರದ ಗೆರೆ ಕಾಯಿಸಿದ ಮೇಲೆ ಮಾಯವಾದರೆ ಕೆಯೊಲಿನೈಟ್. ಆದರೆ ಕ್ಲೋರೈಟ್‌ಗೂ 7ರಲ್ಲಿ ಒಂದು ಗೆರೆ ಇದೆ, 14ರದ್ದನ್ನೂ ಜೊತೆಗೆ ನೋಡದೆ ತೀರ್ಮಾನ ಬೇಡ.

ಕೋರ್ ಸ್ಕ್ಯಾನರ್‌ನ ಎಕ್ಸ್-ರೇ ಫ್ಲೋರೆಸೆನ್ಸ್ ಇನ್ನೂ ಬೇಗ. ಟೈಟಾನಿಯಂ, ಕಬ್ಬಿಣ, ಪೊಟ್ಯಾಸಿಯಂಗಳ ಅನುಪಾತ ಮಿಲಿಮೀಟರ್ ಅಂತರದಲ್ಲಿ ಸಿಗುತ್ತದೆ. ಎಲ್ಲಿ ಬದಲಾವಣೆ ಇದೆ ಎಂದು ತೋರಿಸಲು ಇದು ಬಹಳ ಒಳ್ಳೆಯದು. ಮೂಲ ಯಾವುದು ಎಂದು ಹೇಳಲು ಇದೊಂದೇ ಸಾಲದು.

ಗಟ್ಟಿ ಉತ್ತರಕ್ಕೆ ನಿಯೋಡಿಮಿಯಂ ಮತ್ತು ಸ್ಟ್ರಾಂಷಿಯಂ ಐಸೋಟೋಪ್‌ಗಳೇ ಬೇಕು. ಸಮೇರಿಯಂ-147 ಬಹಳ ನಿಧಾನವಾಗಿ ಕ್ಷಯಿಸಿ ನಿಯೋಡಿಮಿಯಂ-143 ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 10,600 ಕೋಟಿ ವರ್ಷ. ಖಂಡದ ಬಂಡೆ ರೂಪುಗೊಳ್ಳುವಾಗ ಅದಕ್ಕೆ ಸಮೇರಿಯಂ ಪಾಲು ಕಡಿಮೆ ಸಿಗುತ್ತದೆ. ಹಾಗಾಗಿ ಖಂಡದ ಬಂಡೆ ಹಳೆಯದಾದಷ್ಟೂ ಅದರ 143/144 ಅನುಪಾತ ಉಳಿದವುಗಳಿಗಿಂತ ಹಿಂದೆ ಬೀಳುತ್ತದೆ. ವ್ಯತ್ಯಾಸ ಚಿಕ್ಕದು, ಅದಕ್ಕೆ ಎಪ್ಸಿಲಾನ್ ಎಂಬ ಅಳತೆ ಬಳಸುತ್ತಾರೆ. ಮಾದರಿಯ ಅನುಪಾತವನ್ನು ಉಲ್ಕೆಗಳಿಂದ ಪಡೆದ ಆಧಾರ ಅಂಕಿ 0.512638ರಿಂದ ಭಾಗಿಸಿ, 1 ಕಳೆದು, 10,000ದಿಂದ ಗುಣಿಸಿ. ಮಾದರಿ 0.512000 ಇದ್ದರೆ ಉತ್ತರ -12.4. ಕೆಲವರು ಆಧಾರವಾಗಿ 0.512630 ಬಳಸುತ್ತಾರೆ. ಇದರಿಂದ 0.16ರಷ್ಟು ವ್ಯತ್ಯಾಸ ಬರುತ್ತದೆ. ಬೇರೆಯವರ ಅಂಕಿಗಳ ಜೊತೆ ಹೋಲಿಸುವಾಗ ಯಾವ ಆಧಾರ ಎಂದು ನೋಡಿ. ನಡುಸಾಗರದ ಹೊಸ ಬಸಾಲ್ಟ್ ಸುಮಾರು +10 ಕೊಡುತ್ತದೆ. ತುಂಬಾ ಹಳೆಯ ಖಂಡದ ಬಂಡೆ -20, -30, ಅದಕ್ಕೂ ಕೆಳಗೆ ಹೋಗುತ್ತದೆ. ಸ್ಟ್ರಾಂಷಿಯಂ 87/86 ಇದಕ್ಕೆ ಎದುರು ದಿಕ್ಕು: ಎಳೆಯ ಬಸಾಲ್ಟ್ ಸುಮಾರು 0.703ರಿಂದ 0.705, ಹಳೆಯ ಗ್ರಾನೈಟ್ 0.72 ದಾಟಿ ಮೇಲೆ. ನಿಯೋಡಿಮಿಯಂಗೆ ದೊಡ್ಡ ಗುಣವೊಂದಿದೆ. ಕಣದ ಗಾತ್ರ, ಕೊಳೆಯುವಿಕೆ ಅದನ್ನು ಅಷ್ಟಾಗಿ ಕದಲಿಸುವುದಿಲ್ಲ. ಸ್ಟ್ರಾಂಷಿಯಂ ಕದಲುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಮೂಲ ಬದಲಾಯಿತೋ, ಬರೀ ಕೊಳೆಯುವ ರೀತಿ ಬದಲಾಯಿತೋ ಎಂದು ಬೇರೆ ಮಾಡಬಹುದು.

ಬಂಡೆಪುಡಿ ಕರಗಿಸಲು ಹೈಡ್ರೋಫ್ಲೋರಿಕ್ ಆಸಿಡ್ ಬೇಕು. ಅದು ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಸಣ್ಣ ಸಿಡಿತವೂ ಜೀವಕ್ಕೆ ಅಪಾಯ. ತರಬೇತಿ ಇಲ್ಲದೆ, ಒಬ್ಬರೇ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದೆ ಇದನ್ನು ಮುಟ್ಟಲೇಬೇಡಿ. ಕರಗಿಸಿದ ಮೇಲೆ ರಾಳದ ಕಾಲಂಗಳಲ್ಲಿ ಧಾತುಗಳನ್ನು ಬೇರೆ ಮಾಡಬೇಕು. ರುಬಿಡಿಯಂ-87 ಸ್ಟ್ರಾಂಷಿಯಂ-87ರ ತೂಕದಲ್ಲೇ ಬಂದು ಕೂರುತ್ತದೆ, ಸಮೇರಿಯಂ-144 ನಿಯೋಡಿಮಿಯಂ-144ರ ತೂಕದಲ್ಲಿ. ಪ್ರತಿ ಸರದಿಯಲ್ಲೂ ಅನುಪಾತ ಮೊದಲೇ ಗೊತ್ತಿರುವ ಪ್ರಮಾಣಿತ ದ್ರಾವಣ ಓಡಿಸಿ. ನಿಯೋಡಿಮಿಯಂನ ಜೆಎನ್‌ಡಿಐ-1ಕ್ಕೆ 0.512115, ಸ್ಟ್ರಾಂಷಿಯಂನ ಎನ್‌ಬಿಎಸ್ 987ಕ್ಕೆ ಸುಮಾರು 0.71025 ಬರಬೇಕು.

ಮರಳು ಸಾಕಷ್ಟು ಇದ್ದರೆ ಜಿರ್ಕಾನ್ ಎಂಬ ಖನಿಜದ ಕಣಗಳ ಯುರೇನಿಯಂ-ಸೀಸ ವಯಸ್ಸು ಬಹಳ ಖಚಿತವಾಗಿ ಮಾತಾಡುತ್ತದೆ. ಐಸೋಟೋಪ್ ಅಳತೆ ಎಲ್ಲ ಕಣಗಳ ಸರಾಸರಿ ಕೊಡುತ್ತದೆ, ಜಿರ್ಕಾನ್ ಒಂದೊಂದು ಕಣದ ವಯಸ್ಸು ಕೊಡುತ್ತದೆ. ಎಷ್ಟು ಕಣ ಬೇಕು? 2004ರಲ್ಲಿ ವರ್ಮೀಶ್ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ಶೇ. 5 ಅಥವಾ ಹೆಚ್ಚು ಪಾಲಿರುವ ಯಾವ ಗುಂಪೂ ತಪ್ಪಿಲ್ಲ ಎಂದು ಶೇ. 95ರ ಭರವಸೆ ಬೇಕಾದರೆ ಕನಿಷ್ಠ 117 ಕಣ. ಮಿತಿಗಳೂ ಇವೆ. ಬಸಾಲ್ಟ್‌ನಲ್ಲಿ ಜಿರ್ಕಾನ್ ಬಹಳ ಕಡಿಮೆ. ಆದ್ದರಿಂದ ಬಸಾಲ್ಟ್ ನೆಲದಿಂದ ರಾಶಿ ಮಣ್ಣು ಬಂದಿದ್ದರೂ ಜಿರ್ಕಾನ್ ಪಟ್ಟಿಯಲ್ಲಿ ಅದು ಕಾಣಿಸುವುದೇ ಇಲ್ಲ. ಜೊತೆಗೆ ಜಿರ್ಕಾನ್ ಸವೆಯದ ಖನಿಜ. ಹಳೆಯ ಮರಳುಗಲ್ಲಿನಿಂದ ಎರಡನೇ, ಮೂರನೇ ಸಲ ಕಳಚಿ ಬಂದಿರಬಹುದು.

ಹಂತ 8: ಯಾರ ಪಾಲು ಎಷ್ಟು?

ಇಲ್ಲಿ ಸುಲಭವಾಗಿ ಕಾಣುವ ಲೆಕ್ಕವೇ ಮೋಸ ಮಾಡುತ್ತದೆ. ಒಂದು ಉದಾಹರಣೆ ಮಾಡೋಣ. ಮೂಲ ಒಂದರ ಎಪ್ಸಿಲಾನ್ -20, ಅದರಲ್ಲಿ ನಿಯೋಡಿಮಿಯಂ ಪ್ರತಿ ಗ್ರಾಂಗೆ 30 ಮೈಕ್ರೋಗ್ರಾಂ. ಮೂಲ ಎರಡರದ್ದು 0, ನಿಯೋಡಿಮಿಯಂ 10 ಮೈಕ್ರೋಗ್ರಾಂ. ಎರಡನ್ನೂ ಸಮ ತೂಕದಲ್ಲಿ ಬೆರೆಸಿದರೆ -10 ಬರಬೇಕು ಅನ್ನಿಸುತ್ತದೆ, ಅಲ್ವಾ? ಬರುವುದಿಲ್ಲ. ಮೊದಲನೆಯದು ಮೂರು ಪಟ್ಟು ನಿಯೋಡಿಮಿಯಂ ತರುತ್ತದೆ. ಲೆಕ್ಕ ಹೀಗೆ: 30ನ್ನು -20ರಿಂದ ಗುಣಿಸಿ, 10ನ್ನು 0ಯಿಂದ ಗುಣಿಸಿ, ಕೂಡಿಸಿ, 40ರಿಂದ ಭಾಗಿಸಿ. ಉತ್ತರ -15. ಸಾಂದ್ರತೆ ಮರೆತವರು ಈ -15 ನೋಡಿ "ಮೊದಲ ಮೂಲದ ಪಾಲು ಶೇ. 75" ಎಂದು ಬರೆಯುತ್ತಾರೆ. ನಿಜವಾದ ಪಾಲು ಶೇ. 50. ಆದ್ದರಿಂದ ಅನುಪಾತದ ಜೊತೆಗೆ ಸಾಂದ್ರತೆಯನ್ನೂ ತಪ್ಪದೆ ಅಳೆಯಿರಿ.

ಇನ್ನೊಂದು ನಿಯಮ: ಒಂದೇ ಗುರುತಿನಿಂದ ಎರಡು ಮೂಲಗಳ ಪಾಲು ಬಿಡಿಸಬಹುದು, ಮೂರನ್ನು ಆಗುವುದಿಲ್ಲ. ಮೂರಕ್ಕೆ ಕನಿಷ್ಠ ಎರಡು ಬೇರೆ ಗುರುತು ಬೇಕು. ಸಾಫ್ಟ್‌ವೇರ್ ಯಾವುದನ್ನು ಕೊಟ್ಟರೂ ಒಂದು ಉತ್ತರ ಉಗುಳುತ್ತದೆ. ಮೂಲಗಳ ಅಂಕಿಗಳಲ್ಲೇ ಇರುವ ಏರಿಳಿತವನ್ನು ಲೆಕ್ಕದೊಳಗೆ ಸೇರಿಸಿ, ಉತ್ತರವನ್ನು ಒಂದು ಅಂಕಿಯಾಗಿ ಅಲ್ಲ, ಒಂದು ವ್ಯಾಪ್ತಿಯಾಗಿ ಕೊಡಿ. ನಿಮ್ಮ ಮಾದರಿಗಳು ಎಲ್ಲ ಮೂಲಗಳ ಹೊರಗೆ ಬಿದ್ದರೆ, ಪಟ್ಟಿಯಲ್ಲಿ ಒಂದು ಮೂಲ ಬಿಟ್ಟುಹೋಗಿದೆ ಎಂದೇ ಅರ್ಥ.

ಹಂತ 9: ಪಾಲಿನಿಂದ ಪ್ರಮಾಣಕ್ಕೆ

ಶೇಕಡಾ ಅಂಕಿ ಎಂದರೆ ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಒಂದು ಪದರದಲ್ಲಿ ದೂಳು 10 ಭಾಗ, ಸುಣ್ಣ 90 ಭಾಗ ಇದೆ ಅನ್ನಿ. ದೂಳು ಶೇ. 10. ಮುಂದಿನ ಪದರದಲ್ಲಿ ದೂಳು ಅಷ್ಟೇ ಇದೆ, ಸುಣ್ಣ ಕರಗಿ 40ಕ್ಕೆ ಇಳಿದಿದೆ. ಈಗ ದೂಳು ಶೇ. 20. ಮರುಭೂಮಿಯಲ್ಲಿ ಏನೂ ಬದಲಾಗಿಲ್ಲ, ಅಂಕಿ ಮಾತ್ರ ಎರಡು ಪಟ್ಟಾಯಿತು.

ಇದಕ್ಕೆ ಪರಿಹಾರ ಥೋರಿಯಂ-230. ಕಡಲ ನೀರಲ್ಲಿ ಕರಗಿರುವ ಯುರೇನಿಯಂನಿಂದ ಇದು ಗೊತ್ತಿರುವ ವೇಗದಲ್ಲಿ ಹುಟ್ಟಿ, ಕಣಗಳಿಗೆ ಅಂಟಿ ಬೇಗ ತಳ ಸೇರುತ್ತದೆ. ಪದರದಲ್ಲಿ ಥೋರಿಯಂ ತೆಳುವಾಗಿದ್ದರೆ ಆಗ ಹೂಳು ಜೋರಾಗಿ ಬೀಳುತ್ತಿತ್ತು. ತಳದ ಪ್ರವಾಹ ಪಕ್ಕದಿಂದ ತಳ್ಳಿ ತಂದ ಹೂಳನ್ನೂ ಇದು ಲೆಕ್ಕದಿಂದ ತೆಗೆಯುತ್ತದೆ. ಅರ್ಧಾಯುಷ್ಯ ಸುಮಾರು 75,600 ವರ್ಷ ಮಾತ್ರ, ತುಂಬಾ ಹಳೆಯ ಪದರಗಳಿಗೆ ನಡೆಯುವುದಿಲ್ಲ.

ಹಂತ 10: ಈಗ ಹವಾಮಾನ

ಎಲ್ಲಕ್ಕಿಂತ ನಿಧಾನವಾಗಿ ಮಾಡಬೇಕಾದ್ದು ಇದು. ಮೂರು ಪ್ರಸಂಗ ನೋಡೋಣ, ಮೂರರಲ್ಲೂ ಹೊತ್ತು ತಂದವರೇ ಮುಖ್ಯ.

ಮೊದಲನೆಯದು ಉತ್ತರ ಅಟ್ಲಾಂಟಿಕ್. 1988ರಲ್ಲಿ ಹಾರ್ಟ್‌ಮುಟ್ ಹೈನ್‌ರಿಖ್ ಅಲ್ಲಿನ ತಳದಲ್ಲಿ ಕಲ್ಲುಕಣ ತುಂಬಿದ ವಿಚಿತ್ರ ಪದರಗಳನ್ನು ವರ್ಣಿಸಿದರು. ಕಳೆದ ಹಿಮಯುಗದಲ್ಲಿ ಇಂಥ ಆರು ಮುಖ್ಯ ಪದರಗಳಿವೆ. ಅವುಗಳಲ್ಲಿ ಸುಣ್ಣಕಲ್ಲು, ಡಾಲಮೈಟ್ ಚೂರುಗಳು ಸಿಕ್ಕವು. ಗುರುತು ಹಿಡಿದು ಹೋದರೆ ಕೆನಡಾದ ಹಡ್ಸನ್ ಜಲಸಂಧಿ ಬಂತು. ಅಷ್ಟು ದಪ್ಪ ಕಣವನ್ನು ಸಾಗರದ ಆಚೆ ದಡದ ಹತ್ತಿರದವರೆಗೆ ನದಿಯೂ ತರಲಾರದು, ಗಾಳಿಯೂ ತರಲಾರದು. ತೇಲುವ ಹಿಮಗುಡ್ಡವೇ ತರಬೇಕು. ಹೀಗೆ ಉತ್ತರ ಅಮೆರಿಕದ ಹಿಮಹಾಸು ಮತ್ತೆ ಮತ್ತೆ ಕುಸಿದು ಹಿಮಗುಡ್ಡಗಳ ದಂಡನ್ನೇ ಕಡಲಿಗೆ ಕಳಿಸಿತ್ತು ಎಂದು ತಿಳಿಯಿತು. ಮೂಲ, ವಾಹಕ, ಗಾತ್ರ ಮೂರೂ ಒಂದೇ ಮಾತು ಹೇಳಿದವು. ಆರರಲ್ಲಿ ಮೂರನೆಯ ಮತ್ತು ಆರನೆಯ ಪದರಗಳ ಗುರುತು ಮಾತ್ರ ಉಳಿದವುಗಳಂತಿಲ್ಲ. ಎಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟಬಾರದು ಎಂದು ಕಲಿಸಿದ್ದೂ ಮೂಲದ ಪತ್ತೆಯೇ.

ಎರಡನೆಯದು ಅಂಟಾರ್ಕ್ಟಿಕಾ. 2010ರ ಕೊರೆತ ಯಾತ್ರೆ 318, ಪೂರ್ವ ಅಂಟಾರ್ಕ್ಟಿಕಾದ ವಿಲ್ಕ್ಸ್ ಲ್ಯಾಂಡ್ ಕಡೆಯ ಕಡಲತಳದಿಂದ ಪ್ಲಿಯೋಸೀನ್ ಕಾಲದ (ಸುಮಾರು 53ರಿಂದ 26 ಲಕ್ಷ ವರ್ಷ ಹಿಂದಿನ) ಹೂಳು ತಂದಿತು. ಯು1361 ಎಂಬ ಜಾಗದ ಮಾದರಿಗಳ ನಿಯೋಡಿಮಿಯಂ, ಸ್ಟ್ರಾಂಷಿಯಂ ಗುರುತು ಬೆಚ್ಚಗಿನ ಕಾಲಗಳಲ್ಲಿ ಬದಲಾಗುತ್ತಿತ್ತು. ಆ ಗುರುತು ಹೊಂದುವುದು ಫೆರಾರ್ ಎಂಬ ಸುಮಾರು 18 ಕೋಟಿ ವರ್ಷ ಹಳೆಯ ಬಸಾಲ್ಟ್ ಜಾತಿಯ ಬಂಡೆಗೆ. ಆ ಬಂಡೆ ಇಂದು ಒಳನಾಡಿನ ತಗ್ಗಿನಲ್ಲಿ ಹಿಮದಡಿ ಹೂತಿದೆ. ಹಿಮದ ಅಂಚು ಅಲ್ಲಿಯವರೆಗೆ ಹಿಂದೆ ಸರಿದಾಗಲೇ ಅಲ್ಲಿನ ಬಂಡೆ ಸವೆದು ಕಡಲಿಗೆ ಬರಲು ಸಾಧ್ಯ. ಗಟ್ಟಿಯಾಗಿ ಕೂತಿದೆ ಎಂದು ಬಹಳ ಕಾಲ ನಂಬಿದ್ದ ಹಿಮಹಾಸು ಹಿಂದೆ ಸರಿದಿತ್ತು ಎಂಬುದಕ್ಕೆ ಇದು ದೊಡ್ಡ ಪುರಾವೆ. ಇಂದಿನ ಬಿಸಿಯಾಗುತ್ತಿರುವ ಕಾಲಕ್ಕೆ ಇದರ ಬೆಲೆ ಎಷ್ಟು ಎಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ನೈಲ್. ನೀಲಿ ನೈಲ್ ಮತ್ತು ಅಟ್ಬಾರಾ ನದಿಗಳು ಇಥಿಯೋಪಿಯಾದ ಎಳೆಯ ಜ್ವಾಲಾಮುಖಿ ಬಂಡೆಯಿಂದ ಮಣ್ಣು ತರುತ್ತವೆ. ಬಿಳಿ ನೈಲ್ ಹಳೆಯ ಖಂಡದ ಬಂಡೆಯ ಮೇಲೆ ಹರಿದು ಬರುತ್ತದೆ. ಗುರುತುಗಳು ಚೆನ್ನಾಗಿ ಬೇರೆಯಾಗಿವೆ. ಹಾಗಾದರೆ ಇಥಿಯೋಪಿಯಾದ ಮಣ್ಣು ಜಾಸ್ತಿ ಬಂದಾಗ ಅಲ್ಲಿ ಮಳೆ ಜಾಸ್ತಿ ಎಂದು ಬರೆಯಬಹುದೇ? ನೈಲ್ ಮುಖಜಭೂಮಿಯ ಕೋರ್‌ನ ಸ್ಟ್ರಾಂಷಿಯಂ ಓದಿದವರು 2002ರಲ್ಲಿ ಇದಕ್ಕೆ ವಿರುದ್ಧವಾದ ಅರ್ಥ ಕೊಟ್ಟರು. ಮಳೆ ಹೆಚ್ಚಿದಾಗ ಬೆಟ್ಟಗಳು ಹಸಿರಾಗುತ್ತವೆ, ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ನೀಲಿ ನೈಲ್ ತರುವ ಮಣ್ಣು ಕಡಿಮೆಯಾಗುತ್ತದೆ. ಒಣಗಿದಾಗ ನೆಲ ಬೋಳಾಗಿ, ಬಂದಷ್ಟು ಮಳೆಯೇ ಮಣ್ಣನ್ನು ಬಳಿದು ತರುತ್ತದೆ. ಒಂದೇ ಅಂಕಿ, ಎರಡು ಅರ್ಥ. ಯಾವುದು ಸರಿ ಎಂದು ತೀರ್ಮಾನಿಸಲು ಹೂಳಿನಲ್ಲಿನ ಪರಾಗ, ಚಿಪ್ಪುಗಳ ಆಕ್ಸಿಜನ್ ಐಸೋಟೋಪ್‌ನಂಥ ಬೇರೆ ಸಾಕ್ಷಿ ಬೇಕು.

ಆದ್ದರಿಂದ "ಮಳೆ" ಅಥವಾ "ಬರ" ಎಂದು ಬರೆಯುವ ಮೊದಲು ಬೇರೆ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ. ಸಮುದ್ರ ಮಟ್ಟ ಬದಲಾಗಿತ್ತೇ? ಸುಮಾರು 20,000 ವರ್ಷ ಹಿಂದೆ ಅದು ಇಂದಿಗಿಂತ 120 ಮೀಟರ್‌ನಷ್ಟು ಕೆಳಗಿತ್ತು. ನದಿಗಳು ಖಂಡದ ಅಂಚಿನವರೆಗೆ ಹರಿದು ನೇರ ಆಳಕ್ಕೆ ಹೂಳು ಸುರಿಯುತ್ತಿದ್ದವು. ನೀರು ಏರಿದ ಮೇಲೆ ಅದೇ ಹೂಳು ದಡದ ಬಳಿಯೇ ನಿಂತಿತು. ನದಿ ದಾರಿ ಬದಲಿಸಿತ್ತೇ? ತಳದ ಪ್ರವಾಹ ಬೇರೆ ಕಡೆಯಿಂದ ತಂದಿತೇ? ಮಣ್ಣು ಬಯಲಿನಲ್ಲಿ ಸಾವಿರಾರು ವರ್ಷ ನಿಂತು ತಡವಾಗಿ ಹೊರಟಿತೇ? ದೊಡ್ಡ ನದಿಗಳಲ್ಲಿ ಇದು ಮಾಮೂಲು. ಅಲ್ಲಿ ಕಡಲಿನ ಪದರದ ವಯಸ್ಸಿಗೂ ಬೆಟ್ಟ ಸವೆದ ಕಾಲಕ್ಕೂ ಅಂತರ ಇರುತ್ತದೆ.

ಹಂತ 11: ಎಲ್ಲವನ್ನೂ ಇತರರಿಗೆ ಸಿಗುವಂತೆ ಇಡಿ

ಪ್ರತಿ ಮಾದರಿಗೂ ಕೋರ್‌ನ ಹೆಸರು, ವಿಭಾಗ, ಸೆಂಟಿಮೀಟರ್ ಆಳ, ಕಣದ ಗಾತ್ರ, ತೊಳೆದ ಕ್ರಮ ಬರೆಯಿರಿ. ಐಸೋಟೋಪ್ ಅಂಕಿಯ ಜೊತೆ ಸಾಂದ್ರತೆ, ಪ್ರಮಾಣಿತ ದ್ರಾವಣದ ಫಲಿತಾಂಶ, ಆಧಾರ ಅಂಕಿ ಇರಲಿ. ಎಪ್ಸಿಲಾನ್ ಮಾತ್ರ ಕೊಟ್ಟು ಮೂಲ ಅನುಪಾತ ಬಿಡಬೇಡಿ. ವಯಸ್ಸನ್ನು ಮಾತ್ರ ಕೊಟ್ಟು ಆಳವನ್ನು ಬಿಡುವವರು ಬಹಳ. ಮುಂದೆ ವಯಸ್ಸಿನ ಲೆಕ್ಕ ಬದಲಾದಾಗ ಅಂಥ ದತ್ತಾಂಶ ಯಾರ ಕೆಲಸಕ್ಕೂ ಬರುವುದಿಲ್ಲ. ಮೂಲದ ನದಿಗಳ, ದೂಳಿನ ಅಳತೆಗಳನ್ನು ಪ್ರತ್ಯೇಕ ಕೋಷ್ಟಕವಾಗಿ ಸೇರಿಸಿ. ಅದೇ ಕಡಲಿನಲ್ಲಿ ಮುಂದೆ ಕೆಲಸ ಮಾಡುವವರು ಮೊದಲು ಹುಡುಕುವುದು ಆ ಕೋಷ್ಟಕವನ್ನೇ. ಉಳಿದ ಮಾದರಿಯನ್ನು ಒಣಗಿಸಿ, ಮುಚ್ಚಿ, ಹೆಸರು ಬರೆದು ಇಡಿ.